ಮೇಷ್ಟ್ರ ಕಾಲು ತಾಳ ಹಾಕುವುದೇಕೆ? ಲಾರೆನ್ಸ್ ವೆಲ್ಕ್ ಶೋ ಬಗ್ಗೆ ಒಂದು ಉತ್ತರ

ಪ್ರಶ್ನೆ: ಮಗಳ ಮನೆಗೆ ಅಂತ ನಾವಿಬ್ಬರೂ ಆರು ತಿಂಗಳಿಗೆ ಅಮೆರಿಕದ ಒಹಾಯೊಗೆ ಬಂದಿದ್ದೇವೆ. ಶನಿವಾರ ಸಂಜೆ ಇಲ್ಲಿನ ಪಿಬಿಎಸ್ ಎಂಬ ಸಾರ್ವಜನಿಕ ಚಾನೆಲ್‌ನಲ್ಲಿ ಒಂದು ಹಳೇ ಸಂಗೀತ ಕಾರ್ಯಕ್ರಮ ಬರುತ್ತದೆ. ಸೋಪಿನ ಗುಳ್ಳೆಗಳು ಹಾರುತ್ತವೆ, ಒಬ್ಬರು ಹಿರಿಯರು ಕೋಲು ಹಿಡಿದು ಬ್ಯಾಂಡ್ ನಡೆಸುತ್ತಾರೆ, ಜೋಡಿಗಳು ಕುಣಿಯುತ್ತವೆ. ನಮ್ಮ ಯಜಮಾನರಿಗೆ 74 ವರ್ಷ. ಮೇಷ್ಟ್ರಾಗಿದ್ದವರು, ಊರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಾರೆ. ಈಗ ಶನಿವಾರ ಬಂದರೆ ಟಿವಿ ಮುಂದೆ ಕೂತು ಕಾಲಲ್ಲಿ ತಾಳ ಹಾಕುತ್ತಾರೆ. ಅಳಿಯ "ಇದು ಇಲ್ಲಿನ ಅಜ್ಜ-ಅಜ್ಜಿಯರ ಶೋ" ಅಂತಾನೆ. ಈ ಕಾರ್ಯಕ್ರಮದ ಕತೆ ಏನು? ಯಾವ ಕಂತುಗಳನ್ನು ಹುಡುಕಿ ನೋಡಬೇಕು? ಅದರಲ್ಲಿ ಎದೆಗೆ ಹಾಕಿಕೊಂಡು ತಿದಿ ಎಳೆದು ನುಡಿಸುವ ಅಕಾರ್ಡಿಯನ್ ಅನ್ನು ಈ ವಯಸ್ಸಿನಲ್ಲಿ ಕಲಿಯಬಹುದಾ ಅಂತಲೂ ಇವರು ಕೇಳುತ್ತಿದ್ದಾರೆ.

ಉತ್ತರ:

ಅಮ್ಮಾ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಹದಿನೆಂಟು ವರ್ಷ ಬೆಂಗಳೂರಿನ ಆರ್ಕೆಸ್ಟ್ರಾಗಳಲ್ಲಿ ಅಕಾರ್ಡಿಯನ್ ನುಡಿಸಿದವನು. ಈ ಕಾರ್ಯಕ್ರಮವನ್ನು ಮೊದಲು ನೋಡಿದ್ದು ನಾನೂ ಅಮೆರಿಕದಲ್ಲೇ, ಅಕ್ಕನ ಮನೆಯಲ್ಲಿ, ಒಂದು ಶನಿವಾರ ಸಂಜೆ. ಅವತ್ತು ಅಡುಗೆಮನೆಯಿಂದ ಅಕ್ಕ ಊಟಕ್ಕೆ ಮೂರು ಸಲ ಕರೆದಳು. ನಾನು ಏಳಲಿಲ್ಲ.

ನೀವು ನೋಡುತ್ತಿರುವುದು 'ದಿ ಲಾರೆನ್ಸ್ ವೆಲ್ಕ್ ಶೋ'. ಕೋಲು ಹಿಡಿದ ಹಿರಿಯರೇ ಲಾರೆನ್ಸ್ ವೆಲ್ಕ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಟಿವಿಯ ರಸಮಂಜರಿ. ಗಣೇಶನ ಪೆಂಡಾಲಿನಲ್ಲಿ ಹೇಗೆ ಒಂದು ಹಾಡು, ಒಂದು ಡ್ಯಾನ್ಸು, ಒಂದು ವಾದ್ಯದ ಐಟಂ ಅಂತ ಸಾಲಾಗಿ ಬರುತ್ತದೋ ಹಾಗೆಯೇ. ಸ್ಪರ್ಧೆ ಇಲ್ಲ, ತೀರ್ಪುಗಾರರಿಲ್ಲ, ಯಾರೂ ಅಳುವುದಿಲ್ಲ, ಯಾರನ್ನೂ ಹೊರಗೆ ಹಾಕುವುದಿಲ್ಲ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1955ರ ಜುಲೈ 2ರಂದು ಇಡೀ ದೇಶಕ್ಕೆ ಶುರುವಾಯಿತು. ಹೊಸ ಕಂತುಗಳು ಬಂದದ್ದು 1982ರವರೆಗೆ. ನೀವೀಗ ನೋಡುತ್ತಿರುವುದು ಮರುಪ್ರಸಾರ. ಒಕ್ಲಹೋಮ ರಾಜ್ಯದ ಸಾರ್ವಜನಿಕ ಟಿವಿ ಸಂಸ್ಥೆ 1987ರಿಂದ ಇದನ್ನು ದೇಶದ ಪಿಬಿಎಸ್ ಕೇಂದ್ರಗಳಿಗೆ ಒದಗಿಸುತ್ತಾ ಬಂದಿದೆ. ಮಧ್ಯೆ ಮಧ್ಯೆ ವಯಸ್ಸಾದ ಕಲಾವಿದರು ಕೂತು ಹಳೆಯದನ್ನು ನೆನಪು ಮಾಡಿಕೊಳ್ಳುವ ತುಣುಕುಗಳು ಬರುತ್ತವೆ ನೋಡಿ, ಅವು ಆಮೇಲೆ ಸೇರಿಸಿದ್ದು. ಅವನ್ನು ಬಿಡಬೇಡಿ. ಅದೇ ಮನುಷ್ಯನನ್ನು ಇಪ್ಪತ್ತೈದರಲ್ಲೂ ಎಪ್ಪತ್ತರಲ್ಲೂ ಒಂದೇ ಸಂಜೆ ನೋಡುವ ಅವಕಾಶ ಅದು.

ಇನ್ನು ಮೇಷ್ಟ್ರ ಕಾಲಿನ ವಿಷಯ. ಅದು ಸುಮ್ನೆ ತಾಳ ಹಾಕುತ್ತಿಲ್ಲ. ಇದು ಮೂಲದಲ್ಲಿ ಕೂತು ಕೇಳುವವರಿಗಾಗಿ ಕಟ್ಟಿದ ಬ್ಯಾಂಡ್ ಅಲ್ಲ, ಕುಣಿಯುವವರಿಗಾಗಿ ಕಟ್ಟಿದ ಬ್ಯಾಂಡ್. ಟಿವಿಗೆ ಬರುವ ಮುಂಚೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ವೆಲ್ಕ್ ಮಾಡಿದ್ದು ಅದೊಂದೇ ಕೆಲಸ. ಎದುರಿಗೆ ಹೊಲದ ಕೆಲಸ ಮುಗಿಸಿ ಬಂದ ಜನ ಜೋಡಿ ಜೋಡಿಯಾಗಿ ಕುಣಿಯುತ್ತಿರುತ್ತಾರೆ. ನೀವು ತಾಳದಲ್ಲಿ ಒಂದು ಚೂರು ಎಡವಿದರೂ ಅವರ ಕಾಲು ಎಡವುತ್ತದೆ. ಅಂಥ ಜನರ ಮುಂದೆ ಪಳಗಿದವನು ಲಯವನ್ನು ಬಚ್ಚಿಡುವುದಿಲ್ಲ, ಎದ್ದು ಕಾಣುವ ಹಾಗೆ ಇಡುತ್ತಾನೆ. ಅದಕ್ಕೇ ಒಹಾಯೊದಲ್ಲಿ ಕೂತ ಭಜನಾ ಮಂಡಳಿಯ ಹಾರ್ಮೋನಿಯಂ ವಾದಕರಿಗೂ ಅದು ಸೀದಾ ಕಾಲಿಗೆ ತಲುಪುತ್ತದೆ.

ಮೇಷ್ಟ್ರಿಗೆ ಒಂದು ಲೆಕ್ಕ ಹೇಳಿ. ಈ ಶೋನಲ್ಲಿ ಪದೇ ಪದೇ ಬರುವುದು ಎರಡು ನಡೆ. ಒಂದು ಪೋಲ್ಕಾ, ಎರಡೆರಡರ ಎಣಿಕೆ, ಚುರುಕು. ಭಜನೆಯಲ್ಲಿ ಕೆಹರ್ವಾ ತಾಳ ಹಿಡಿದು ಓಡಿಸುವಾಗ ಬರುವ ಹುರುಪು ಇರುತ್ತದಲ್ಲ, ಅದರ ಹತ್ತಿರದ್ದು. ಇನ್ನೊಂದು ವಾಲ್ಟ್ಜ್, ಮೂರು ಮೂರರ ಎಣಿಕೆ, ಮೊದಲನೆಯದರ ಮೇಲೆ ಒತ್ತು. ದಾದ್ರಾ ತಾಳದ ತೂಗಾಟ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಪೂರ್ತಿ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಮೈಗೆ ಗೊತ್ತಾಗುವುದು ಅದೇ ತೂಗು.

ಈಗ ಮನುಷ್ಯನ ಕತೆ. ವೆಲ್ಕ್ ಹುಟ್ಟಿದ್ದು 1903ರ ಮಾರ್ಚ್ 11ರಂದು, ಉತ್ತರ ಡಕೋಟದ ಸ್ಟ್ರಾಸ್‌ಬರ್ಗ್ ಎಂಬ ಸಣ್ಣ ಊರಿನ ಹೊರಗಿನ ಹೊಲದಲ್ಲಿ. ಅಪ್ಪ-ಅಮ್ಮ ಜರ್ಮನ್ ಮಾತಾಡುವವರು. ಆಗಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ಸೀಮೆಯಿಂದ 1892ರಲ್ಲಿ ವಲಸೆ ಬಂದವರು. ಮಣ್ಣಿನ ಮನೆ, ಎಂಟು ಮಕ್ಕಳು. ಹುಡುಗ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ. ಮನೆಯಲ್ಲೂ ಊರಲ್ಲೂ ಜರ್ಮನ್ನೇ. ಹಾಗಾಗಿ ಇಪ್ಪತ್ತು ದಾಟುವವರೆಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಅಮೆರಿಕದಲ್ಲೇ ಹುಟ್ಟಿದರೂ ಅವರ ಇಂಗ್ಲಿಷ್‌ನಲ್ಲಿ ಕೊನೆಯವರೆಗೂ ಜರ್ಮನ್ ಎಳೆತ ಉಳಿಯಿತು. ನಿಧಾನ, ಸಣ್ಣ ಸಣ್ಣ ವಾಕ್ಯ. ಸುದ್ದಿ ಚಾನೆಲ್‌ನ ಇಂಗ್ಲಿಷ್ ತಲೆಗೆ ಹತ್ತದ ನಮ್ಮ ಕಡೆಯ ಹಿರಿಯರಿಗೂ ವೆಲ್ಕ್ ಹೇಳುವುದು ಅರ್ಥವಾಗುತ್ತದೆ, ಗಮನಿಸಿದ್ದೀರಾ? "ವಂಡರ್‌ಫುಲ್" ಅನ್ನುವುದು ಅವರ ಬಾಯಲ್ಲಿ "ವನ್ನರ್‌ಫುಲ್" ಆಗುತ್ತದೆ. ಹಾಡು ಎತ್ತುವ ಮುಂಚೆ "ಅ-ಒನ್, ಅಂಡ್ ಅ-ಟೂ" ಅಂತ ಎಣಿಸುತ್ತಾರೆ. ಅಮೆರಿಕದ ಒಂದು ಇಡೀ ತಲೆಮಾರು ಆ ಎಣಿಕೆಯನ್ನು ಅನುಕರಿಸಿ ಆಡಿತು.

ಹದಿನೇಳರ ಹುಡುಗನಾಗಿದ್ದಾಗ ಅವರಿಗೆ ಒಂದು ಒಳ್ಳೆ ಅಕಾರ್ಡಿಯನ್ ಬೇಕೆನಿಸಿತು. ಬೆಲೆ 400 ಡಾಲರ್. ಒಕ್ಕಲು ಮನೆಯಲ್ಲಿ ಆ ಕಾಲಕ್ಕೆ ಅದು ದೊಡ್ಡ ಗಂಟು. ಮಗ ಅಪ್ಪನ ಹತ್ತಿರ ಒಪ್ಪಂದ ಮಾಡಿಕೊಂಡ: ನೀವು ಕೊಡಿಸಿ, ನಾನು 21 ತುಂಬುವವರೆಗೆ ಇದೇ ಹೊಲದಲ್ಲಿ ದುಡಿಯುತ್ತೇನೆ, ಹೊರಗೆ ನುಡಿಸಿ ಗಳಿಸಿದ್ದನ್ನೂ ನಿಮಗೇ ಕೊಡುತ್ತೇನೆ. ಮಾತಿಗೆ ತಪ್ಪಲಿಲ್ಲ. ನಾಲ್ಕು ವರ್ಷ ದುಡಿದ. 1924ರಲ್ಲಿ, 21 ತುಂಬಿದ ದಿನವೇ, ಮನೆ ಬಿಟ್ಟು ಹೊರಟ.

ಆಮೇಲೆ ಅಲೆದಾಟ. 1927ರಲ್ಲಿ ದಕ್ಷಿಣ ಡಕೋಟದ ಯಾಂಕ್ಟನ್ ಊರಿನ ರೇಡಿಯೊದಲ್ಲಿ ನೆಲೆ ಸಿಕ್ಕಿತು. ಬ್ಯಾಂಡಿನ ಹೆಸರು ಬದಲಾಗುತ್ತಲೇ ಇತ್ತು, ಒಂದು ಕಾಲಕ್ಕೆ 'ಹೊನೊಲುಲು ಫ್ರೂಟ್ ಗಮ್ ಆರ್ಕೆಸ್ಟ್ರಾ' ಅಂತಲೂ ಇತ್ತು. 1938ರ ಸುಮಾರಿಗೆ ಪಿಟ್ಸ್‌ಬರ್ಗ್‌ನ ವಿಲಿಯಂ ಪೆನ್ ಹೋಟೆಲಿನಲ್ಲಿ ನುಡಿಸುತ್ತಿದ್ದಾಗ, ಕುಣಿಯಲು ಬಂದವರು ಈ ಸಂಗೀತ ಶಾಂಪೇನಿನ ಹಾಗೆ ಹಗುರ, ನೊರೆ ನೊರೆ ಅಂದರು. 'ಶಾಂಪೇನ್ ಮ್ಯೂಸಿಕ್' ಎಂಬ ಹೆಸರು ಅಲ್ಲಿಂದ ಬಂತು. ನೀವು ಕಾಣುವ ಗುಳ್ಳೆಗಳು ಆ ಹೆಸರಿನ ಗುರುತು. 1951ರಲ್ಲಿ ಕ್ಯಾಲಿಫೋರ್ನಿಯದ ಸಮುದ್ರ ದಂಡೆಯಲ್ಲಿದ್ದ ಕುಣಿತದ ಸಭಾಂಗಣ ಅರಗಾನ್ ಬಾಲ್‌ರೂಮ್‌ಗೆ ಬಂದರು. ಅಲ್ಲಿಂದ ಲಾಸ್ ಏಂಜಲೀಸ್‌ನ ಸ್ಥಳೀಯ ಟಿವಿ, ನಾಲ್ಕು ವರ್ಷದ ಮೇಲೆ ಇಡೀ ದೇಶದ ಟಿವಿ. ಆಗ ಅವರಿಗೆ 52 ವರ್ಷ.

ಈಗ ಕಂತುಗಳ ವಿಷಯಕ್ಕೆ ಬರುತ್ತೇನೆ. ಸಾವಿರಕ್ಕೂ ಜಾಸ್ತಿ ಇವೆ. ತಾರೀಖು ಹಿಡಿದು ಹುಡುಕುವುದು ಕಷ್ಟ. ಮನುಷ್ಯರನ್ನು ಹಿಡಿದು ಹುಡುಕಿ.

ಮೇಷ್ಟ್ರಿಗಾಗಿ ಮೊದಲ ಹೆಸರು ಮೈರನ್ ಫ್ಲೋರೆನ್. ಸದಾ ನಗುಮುಖ, ಎದೆಯ ಮೇಲೆ ಅಕಾರ್ಡಿಯನ್. ದಕ್ಷಿಣ ಡಕೋಟದವರು. ವೆಲ್ಕ್ ಕೂಡ ಅಕಾರ್ಡಿಯನ್ ವಾದಕರೇ, ಆದರೆ ಫ್ಲೋರೆನ್ ಬೇರೆಯೇ ಎತ್ತರದವರು. 1950ರಲ್ಲಿ ಸೇಂಟ್ ಲೂಯಿಸ್‌ನ ಒಂದು ಡ್ಯಾನ್ಸ್ ಹಾಲಿನಲ್ಲಿ ವೆಲ್ಕ್ ಬ್ಯಾಂಡ್ ನುಡಿಸುತ್ತಿದ್ದಾಗ ಫ್ಲೋರೆನ್ ಕೇಳಲು ಬಂದಿದ್ದರು. ವೆಲ್ಕ್ ವೇದಿಕೆಗೆ ಕರೆದು ಒಂದು ನುಡಿಸಿ ಅಂದರು. ಫ್ಲೋರೆನ್ 'ಲೇಡಿ ಆಫ್ ಸ್ಪೇನ್' ನುಡಿಸಿದರು. ಜನ ಹುಚ್ಚೆದ್ದರು. ಮುಗಿಯುವ ಹೊತ್ತಿಗೆ ವೆಲ್ಕ್ ಪಿಯಾನೊ ಕೆಳಗೆ ನುಸುಳಿ ಬಿಳಿ ಕರವಸ್ತ್ರ ಬೀಸುತ್ತಿದ್ದರಂತೆ, ಶರಣಾದೆ ಅಂತ. ಅಲ್ಲೇ ಕೆಲಸಕ್ಕೆ ಕರೆದರು. ನಿನಗಿಂತ ಚೆನ್ನಾಗಿ ನುಡಿಸುವವನನ್ನು ಯಾಕೆ ತಗೊಂಡೆ ಅಂತ ಮ್ಯಾನೇಜರ್ ಕೇಳಿದ್ದಕ್ಕೆ, ನಾನು ತಗೊಳ್ಳುವುದೇ ಅಂಥವರನ್ನು ಅಂದರಂತೆ. ಈ ಒಂದು ಪ್ರಸಂಗಕ್ಕೇ ನನಗೆ ವೆಲ್ಕ್ ಮೇಲೆ ಗೌರವ. ನಾನು ಕಂಡ ಆರ್ಕೆಸ್ಟ್ರಾ ಮಾಲೀಕರಲ್ಲಿ ತಮಗಿಂತ ಮೇಲಿನ ವಾದಕನನ್ನು ತಮ್ಮ ಪಕ್ಕದಲ್ಲೇ, ಅದೇ ವಾದ್ಯಕ್ಕೆ ಕೂರಿಸಿಕೊಂಡವರು ಬಹಳ ಕಮ್ಮಿ.

ಮುಂದಿನ ಸಲ ಫ್ಲೋರೆನ್ ಬಂದಾಗ ಮೇಷ್ಟ್ರು ಅವರ ಬಲಗೈ ನೋಡುವುದು ಬೇಡ. ಎಡಗೈ ನೋಡಲಿ. ಬಲಗೈಯಲ್ಲಿ ಇರುವುದು ಹಾರ್ಮೋನಿಯಂನಲ್ಲಿರುವ ಹಾಗೇ ಕಪ್ಪು-ಬಿಳಿ ಮನೆಗಳು, ಅಡ್ಡದ ಬದಲು ಉದ್ದಕ್ಕೆ ನಿಂತಿವೆ ಅಷ್ಟೇ. ಗುಟ್ಟು ಇರುವುದು ಎಡಗಡೆ. ಹಾರ್ಮೋನಿಯಂನಲ್ಲಿ ಎಡಗೈ ತಿದಿ ಒತ್ತುವುದರಲ್ಲೇ ಮುಗಿದುಹೋಗುತ್ತದೆ. ಅಕಾರ್ಡಿಯನ್‌ನಲ್ಲಿ ಎಡಗೈ ಒಂದು ಚರ್ಮದ ಪಟ್ಟಿಯೊಳಗೆ ತೂರಿರುತ್ತದೆ. ತೋಳು ತಿದಿಯನ್ನು ಎಳೆಯುತ್ತದೆ, ದಬ್ಬುತ್ತದೆ. ಅದೇ ಹೊತ್ತಿಗೆ ಅದೇ ಕೈಯ ಬೆರಳುಗಳು ಗುಂಡಿ ಒತ್ತುತ್ತಿರುತ್ತವೆ. ದೊಡ್ಡ ವಾದ್ಯದಲ್ಲಿ 120 ಗುಂಡಿ, ವಾದಕನಿಗೆ ಒಂದೂ ಕಾಣುವುದಿಲ್ಲ. ಒಂದು ಗುಂಡಿಯ ತಲೆಯಲ್ಲಿ ಸಣ್ಣ ಕುಳಿ ಇರುತ್ತದೆ, ಬೆರಳು ಅದನ್ನು ತಡವಿ ನಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ. ಗುಂಡಿಗಳನ್ನು ಜೋಡಿಸಿದ ಕ್ರಮ ಕೇಳಿದರೆ ಮೇಷ್ಟ್ರು ಮೆಚ್ಚುತ್ತಾರೆ. ಒಂದು ಗುಂಡಿಯನ್ನು ಷಡ್ಜ ಅಂದುಕೊಂಡರೆ ಅದರ ಮೇಲಿನದು ರಿಷಭ ಅಲ್ಲ, ಪಂಚಮ. ಆ ಪಂಚಮವನ್ನೇ ಷಡ್ಜ ಮಾಡಿಕೊಂಡರೆ ಅದರ ಮೇಲೆ ಅದರ ಪಂಚಮ. ಹೀಗೇ ಸ-ಪ ಸಂಬಂಧದ ಏಣಿ. ಕೆಲವು ಸಾಲುಗಳಲ್ಲಿ ಒಂದು ಗುಂಡಿ ಒತ್ತಿದರೆ ಒಂದೇ ಸ್ವರ, ಉಳಿದ ಸಾಲುಗಳಲ್ಲಿ ಒಂದು ಗುಂಡಿಗೆ ಮೂರು ಸ್ವರ ಒಟ್ಟಿಗೆ. "ದುಮ್-ಚಕ್, ದುಮ್-ಚಕ್" ಅಂತ ಪೋಲ್ಕಾದಲ್ಲಿ ಕೇಳುತ್ತದಲ್ಲ, ದುಮ್ ಒಂಟಿ ಸ್ವರ, ಚಕ್ ಮೂರು ಸ್ವರದ ಗೊಂಚಲು. ಫ್ಲೋರೆನ್ ಮುಖದಲ್ಲಿ ನಗು ಇರುವಾಗ ಒಳಗೆ ಇಷ್ಟೂ ನಡೆಯುತ್ತಿರುತ್ತದೆ.

ಹಾರ್ಮೋನಿಯಂ, ಅಕಾರ್ಡಿಯನ್ ಎರಡೂ ಒಂದೇ ಕುಲದವು, ಗೊತ್ತಿರಲಿ. ಎರಡರಲ್ಲೂ ಗಾಳಿ ಹೊಡೆತಕ್ಕೆ ನಡುಗುವ ಲೋಹದ ನಾಲಗೆ, ಅಂದರೆ ರೀಡು. ಯುರೋಪಿನಲ್ಲಿ 19ನೇ ಶತಮಾನದಲ್ಲಿ ಬೆಳೆದ ವಾದ್ಯಗಳು. ಒಂದು ನಮ್ಮ ಕಂಪನಿ ನಾಟಕಕ್ಕೆ, ಭಜನೆಗೆ ಬಂತು. ಇನ್ನೊಂದು ವಲಸೆಗಾರರ ಜೊತೆ ಡಕೋಟದ ಕೊಟ್ಟಿಗೆಗಳಿಗೆ ಹೋಯಿತು. ಕರೆಂಟು ಬೇಡ, ಮೈಕು ಬೇಡ. ನನಗೆ ಇದರ ಬೆಲೆ ತಿಳಿದದ್ದು ತುಮಕೂರಿನ ಕಡೆ ಒಂದು ಹಳ್ಳಿಯಲ್ಲಿ. ರಸಮಂಜರಿ ಮಧ್ಯೆ ಜನರೇಟರ್ ನಿಂತಿತು. ಕೀಬೋರ್ಡು, ಗಿಟಾರು, ಮೈಕು ಎಲ್ಲ ಸತ್ತವು. ಕತ್ತಲಲ್ಲಿ ಜನ ಗಲಾಟೆ ಶುರು ಮಾಡಿದರು. ನಾನು ಎದ್ದು ವೇದಿಕೆಯ ಅಂಚಿಗೆ ಬಂದು ನುಡಿಸತೊಡಗಿದೆ. ಒಬ್ಬ ಢೋಲಕ್‌ನವನು ಜೊತೆಗೆ ಬಂದ. ಮುಂದಿನ ಸಾಲಿನವರು ಸುಮ್ಮನಾದರು, ಹಿಂದಿನವರಿಗೂ ಕೇಳಿಸಿತು. ಇಪ್ಪತ್ತು ನಿಮಿಷ ಹಾಗೆ ಹೋಯಿತು. ಒಕ್ಕಲು ಮನೆಯ ಮದುವೆಗಳಲ್ಲಿ ಹುಡುಗ ವೆಲ್ಕ್ ಒಬ್ಬನೇ ಹೇಗೆ ಕುಣಿಸುತ್ತಿದ್ದಿರಬಹುದು ಅಂತ ನನಗೆ ಅವತ್ತು ಅರ್ಥವಾಯಿತು.

ನಿಮಗಾಗಿ ಎರಡನೇ ಹೆಸರು ಲೆನನ್ ಸಿಸ್ಟರ್ಸ್. ಡಯಾನ್, ಪೆಗ್ಗಿ, ಕ್ಯಾಥಿ, ಜಾನೆಟ್, ನಾಲ್ವರು ಅಕ್ಕತಂಗಿಯರು. ದೊಡ್ಡವಳು ವೆಲ್ಕ್ ಮಗನ ಶಾಲೆಯವಳು. ಆ ಹುಡುಗ ಇವರನ್ನು ಮನೆಗೆ ಕರೆತಂದು ಅಪ್ಪನ ಮುಂದೆ ಹಾಡಿಸಿದ. ವೆಲ್ಕ್ ಅವತ್ತು ಹುಷಾರಿಲ್ಲದೆ ಮಲಗಿದ್ದರಂತೆ. 1955ರ ಕ್ರಿಸ್‌ಮಸ್ ಹಿಂದಿನ ದಿನ ಟಿವಿಯಲ್ಲಿ ಮೊದಲ ಸಲ ಹಾಡಿದಾಗ ಚಿಕ್ಕವಳಿಗೆ ಒಂಬತ್ತು ವರ್ಷ. 1968ರವರೆಗೆ ಇದ್ದರು. ಒಂದೇ ಮನೆಯ ದನಿಗಳು ಸೇರಿದಾಗ ಯಾರ ದನಿ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ನಮ್ಮಲ್ಲಿ ಅಕ್ಕತಂಗಿಯರು ಒಟ್ಟಿಗೆ ದೇವರನಾಮ ಹಾಡುವಾಗ ಆಗುತ್ತದಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ನಮ್ಮವರು ಒಂದೇ ಸ್ವರದಲ್ಲಿ ಕೂಡುತ್ತಾರೆ, ಇವರು ನಾಲ್ಕು ಬೇರೆ ಸ್ವರಗಳಲ್ಲಿ ಹಾಡಿ ಒಂದಾಗುತ್ತಾರೆ. ಇವರ ಹಳೇ ಹಾಡುಗಳು ಕಪ್ಪು-ಬಿಳುಪಿನವು. ಕಾರ್ಯಕ್ರಮಕ್ಕೆ ಬಣ್ಣ ಬಂದದ್ದು 1965ರಲ್ಲಿ. ಮರುಪ್ರಸಾರದಲ್ಲಿ ನಿಮಗೆ ಹೆಚ್ಚಾಗಿ ಸಿಗುವುದು ಬಣ್ಣದ ಕಂತುಗಳೇ. ಹಳೆಯವನ್ನು ಯೂಟ್ಯೂಬ್‌ನಲ್ಲಿ ಹುಡುಕಲು ಮಗಳಿಗೆ ಹೇಳಿ.

ಮೂರನೇ ಹೆಸರು ಆರ್ಥರ್ ಡಂಕನ್. ಇವರನ್ನು ಖಂಡಿತ ನೋಡಿ. ಟ್ಯಾಪ್ ಡ್ಯಾನ್ಸ್ ಮಾಡುವವರು. ನಮ್ಮಲ್ಲಿ ಗೆಜ್ಜೆ ಕಾಲಿಗೆ ಕಟ್ಟುತ್ತೇವೆ, ಇವರ ನಾದ ಬೂಟಿನ ಅಡಿಯಲ್ಲಿ. ಹಿಮ್ಮಡಿಗೊಂದು, ಮುಂಗಾಲಿಗೊಂದು ಲೋಹದ ತಟ್ಟೆ. ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ಕೇಳಿ. ಮೃದಂಗದ ಸೊಲ್ಲುಗಳ ಹಾಗೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳಿಸುತ್ತದೆ. ಕಪ್ಪು ಜನಾಂಗದ ಈ ಕಲಾವಿದ 1954ರಲ್ಲಿ ನಟಿ ಬೆಟ್ಟಿ ವೈಟ್ ಅವರ ಕಾರ್ಯಕ್ರಮದಲ್ಲಿ ಬಂದಾಗ ದಕ್ಷಿಣದ ರಾಜ್ಯಗಳ ಟಿವಿ ಕೇಂದ್ರಗಳು ತಕರಾರು ತೆಗೆದವು, ಇವರನ್ನು ತೆಗೆಯದಿದ್ದರೆ ಶೋ ಹಾಕುವುದಿಲ್ಲ ಅಂದವು. ಬೆಟ್ಟಿ ವೈಟ್ ಮಣಿಯಲಿಲ್ಲ, ಇನ್ನೂ ಹೆಚ್ಚು ಸಲ ಕರೆದರು. 1964ರಲ್ಲಿ ಡಂಕನ್ ವೆಲ್ಕ್ ಬಳಗ ಸೇರಿದರು, 1982ರವರೆಗೂ ಇದ್ದರು. ಅಷ್ಟು ವರ್ಷ ಒಂದೇ ವೆರೈಟಿ ಶೋನ ಕಾಯಂ ಕಲಾವಿದರಾಗಿ ಕಪ್ಪು ಜನಾಂಗದವರೊಬ್ಬರು ಉಳಿದದ್ದು ಆ ಕಾಲಕ್ಕೆ ದೊಡ್ಡ ವಿಷಯ. ಆದರೆ ಆ ಬಳಗದಲ್ಲಿ ಕಾಯಂ ಆಗಿ ಇದ್ದವರು ಅವರೊಬ್ಬರೇ ಎನ್ನುವುದನ್ನೂ ನಾವು ನೋಡಬೇಕು. ಅಮೆರಿಕದ ಸಂಗೀತಕ್ಕೆ ಕಪ್ಪು ಜನ ಕೊಟ್ಟದ್ದು ಎಷ್ಟು ಅಂತ ಗೊತ್ತಿರುವ ನನಗೆ, ಪ್ರೀತಿಯಿಂದ ನೋಡುವಾಗಲೂ ಈ ಕೊರತೆ ಚುಚ್ಚುತ್ತದೆ.

ಜಾಝ್ ವಿಷಯದಲ್ಲೂ ನನಗೊಂದು ನೋವಿದೆ. ನ್ಯೂ ಆರ್ಲಿಯನ್ಸ್‌ನ ಪೀಟ್ ಫೌಂಟನ್ ಎಂಬ ಅದ್ಭುತ ಕ್ಲಾರಿನೆಟ್ ವಾದಕ 1957ರಿಂದ ಎರಡು ವರ್ಷ ಈ ಬಳಗದಲ್ಲಿದ್ದರು. ಹಾಡನ್ನು ತಮ್ಮ ಮನಸ್ಸಿಗೆ ಬಂದ ಹಾಗೆ ಬೆಳೆಸುವುದು ಜಾಝ್‌ನವರ ಜೀವ. ಕುಣಿಯುವವರ ಲಯ ಕದಲಬಾರದು ಎನ್ನುವುದು ವೆಲ್ಕ್ ಪಟ್ಟು. ಒಂದು ಕ್ರಿಸ್‌ಮಸ್ ಕಂತಿನಲ್ಲಿ ಹಬ್ಬದ ಹಾಡಿಗೆ ಫೌಂಟನ್ ಜಾಝ್ ಬೆರೆಸಿದ ಮೇಲೆ ದಾರಿ ಬೇರೆಯಾಯಿತು. ಶಾಂಪೇನೂ ಬರ್ಬನ್ ವಿಸ್ಕಿಯೂ ಬೆರೆಯುವುದಿಲ್ಲ ಅಂತ ಫೌಂಟನ್ ಆಮೇಲೆ ಹೇಳುತ್ತಿದ್ದರು. ಅವರು ಹೋದದ್ದು ಕಾರ್ಯಕ್ರಮಕ್ಕೆ ನಷ್ಟ. ಸಂಗೀತದಲ್ಲಿ ಸ್ವಲ್ಪ ಖಾರ ಇರಬೇಕಿತ್ತು. ಆಮೇಲಿನ ಎಷ್ಟೋ ಕಂತುಗಳಲ್ಲಿ ಎಲ್ಲ ಹಾಡಿಗೂ ಒಂದೇ ಸಕ್ಕರೆ ಪಾಕ ಹಾಕಿದ ಹಾಗಿದೆ.

ಆ ಬಿಗಿ ಬರೀ ಸಂಗೀತಕ್ಕೆ ಸೀಮಿತವಾಗಿರಲಿಲ್ಲ. ಇಡೀ ದೇಶದ ಟಿವಿಗೆ ಬಂದ ಮೇಲಿನ ಮೊದಲ 'ಶಾಂಪೇನ್ ಲೇಡಿ', ಅಂದರೆ ಬ್ಯಾಂಡಿನ ಮುಖ್ಯ ಗಾಯಕಿ, ಆಲಿಸ್ ಲಾನ್ 1959ರಲ್ಲಿ ಹೊರಗೆ ಹೋದದ್ದು, ಮೊಣಕಾಲು ಕಾಣುವ ಹಾಗೆ ಕೂತರು ಎಂಬ ಮಾತಿಗೆ. ನೋಡುಗರು ಅವರ ಪರವಾಗಿ ರಾಶಿ ರಾಶಿ ಪತ್ರ ಬರೆದರು. ಅವರು ವಾಪಸ್ ಬರಲಿಲ್ಲ. 1960ರಿಂದ ಆ ಜಾಗದಲ್ಲಿ ನಾರ್ಮಾ ಝಿಮರ್. ನೀವು ಬಣ್ಣದ ಕಂತುಗಳಲ್ಲಿ ನೋಡುವ, ಹೊಂಬಣ್ಣದ ಕೂದಲಿನ, ಮೆಲುದನಿಯ ಹೆಂಗಸು ಅವರೇ.

ನಮಗೆ ಕಿವಿ ನೆಟ್ಟಗಾಗುವ ಒಂದು ವಿಷಯ ಹೇಳಬೇಕು. ವೆಲ್ಕ್ ಅವರ ಅತಿ ದೊಡ್ಡ ಹಿಟ್ ಹೆಸರು 'ಕ್ಯಾಲ್ಕಟ್ಟಾ'. 1961ರ ಫೆಬ್ರವರಿಯಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ರಾಕ್ ಅಂಡ್ ರೋಲ್ ಕಾಲದಲ್ಲಿ, 57 ವರ್ಷದ ಬ್ಯಾಂಡ್ ನಾಯಕನ ಮಾತಿಲ್ಲದ ವಾದ್ಯ ಸಂಗೀತ. ಹೆಸರು ಬಿಟ್ಟರೆ ಅದರಲ್ಲಿ ನಮ್ಮ ಕೋಲ್ಕತ್ತ ಏನೂ ಇಲ್ಲ. ಹೈನೊ ಗಾಜೆ ಎಂಬ ಜರ್ಮನ್ ಸಂಯೋಜಕರ ಧಾಟಿ ಅದು. ಹಾರ್ಪ್ಸಿಕಾರ್ಡ್ ಎಂಬ ಹಳೇ ತಂತಿವಾದ್ಯದ ಕಿಣಿಕಿಣಿ, ಮಧ್ಯೆ ಚಪ್ಪಾಳೆ. ಮೇಷ್ಟ್ರಿಗೆ ಕೇಳಿಸಿ, ಎರಡನೇ ಸಲಕ್ಕೆ ಚಪ್ಪಾಳೆ ಎಲ್ಲಿ ಬೀಳುತ್ತದೆ ಅಂತ ಕೈ ತಾನೇ ಹೇಳುತ್ತದೆ. ಈ ಹಾಡಿಗೆ ಕುಣಿದು ಸ್ಪರ್ಧೆ ಗೆದ್ದು ಈ ಕಾರ್ಯಕ್ರಮಕ್ಕೆ ಬಂದವರು ಬಾಬಿ ಬರ್ಜೆಸ್ ಮತ್ತು ಬಾರ್ಬರಾ ಬಾಯ್ಲನ್. ಬಾರ್ಬರಾ ಆದ ಮೇಲೆ ಬಾಬಿಗೆ ಇನ್ನಿಬ್ಬರು ಜೊತೆಗಾತಿಯರು ಬಂದರು. ಬಾಬಿ ಮಾತ್ರ ಕೊನೆವರೆಗೂ ಇದ್ದರು, ಮೈರನ್ ಫ್ಲೋರೆನ್ ಅವರ ಮಗಳನ್ನೇ ಮದುವೆಯಾದರು. ಹಾಗೆ ನಿಜಕ್ಕೂ ಒಂದು ಮನೆಯಾಗಿತ್ತು ಅದು.

1971ರ ಒಂದು ಕಂತನ್ನೂ ಹುಡುಕಿ ನೋಡಿ. ಗೇಲ್ ಫ್ಯಾರೆಲ್ ಮತ್ತು ಡಿಕ್ ಡೇಲ್ 'ಒನ್ ಟೋಕ್ ಓವರ್ ದಿ ಲೈನ್' ಎಂಬ ಆಗಿನ ಹೊಸ ಹಾಡು ಹಾಡುತ್ತಾರೆ. 'ಟೋಕ್' ಅಂದರೆ ಗಾಂಜಾದ ಒಂದು ದಮ್ಮು. ಹಾಡಿನಲ್ಲಿ ಯೇಸುವಿನ ಹೆಸರು ಬರುವುದರಿಂದ ಭಕ್ತಿಗೀತೆ ಅಂತಲೇ ತಿಳಿದು, ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು, ಮನಸ್ಸಿಟ್ಟು ಹಾಡಿದರು. ಮುಗಿದ ಮೇಲೆ ವೆಲ್ಕ್ ಅದನ್ನು ಈ ಕಾಲದ ಭಕ್ತಿಗೀತೆ ಎಂದೇ ಕರೆದರು. ಈ ತುಣುಕನ್ನು ಅಮೆರಿಕನ್ನರು ಇವತ್ತಿಗೂ ನೋಡಿ ನಗುತ್ತಾರೆ. ನನಗೆ ಅದರಲ್ಲಿ ಕಾಣುವುದು ಅವರ ಹಾಡುಗಾರಿಕೆಯ ಶ್ರದ್ಧೆ. ಒಳ್ಳೆಯದು ಅಂತ ನಂಬಿದ್ದನ್ನು ಎಳ್ಳಷ್ಟೂ ಉದಾಸೀನ ಇಲ್ಲದೆ ಹಾಡುತ್ತಾರೆ.

ಅಳಿಯನ ಮಾತಿಗೆ ಈಗ ಬರುತ್ತೇನೆ. ಅಜ್ಜ-ಅಜ್ಜಿಯರ ಶೋ ಅನ್ನುವುದು ಸುಳ್ಳಲ್ಲ. 1971ರಲ್ಲಿ ಎಬಿಸಿ ಈ ಕಾರ್ಯಕ್ರಮವನ್ನು ನಿಲ್ಲಿಸಿದ್ದು ಅದೇ ಕಾರಣಕ್ಕೆ. ನೋಡುವವರಿಲ್ಲ ಅಂತ ಅಲ್ಲ, ನೋಡುವವರಿಗೆ ವಯಸ್ಸಾಗಿದೆ ಅಂತ. ಜಾಹೀರಾತು ಕೊಡುವವರಿಗೆ ಹರೆಯದವರು ಬೇಕಿತ್ತು. ಅದೇ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ಹಳ್ಳಿಯವರು, ಹಿರಿಯರು ಇಷ್ಟಪಡುತ್ತಿದ್ದ ಹಲವು ಕಾರ್ಯಕ್ರಮಗಳನ್ನು ಒಟ್ಟಿಗೆ ಗುಡಿಸಿ ಹಾಕಿದರು. ವೆಲ್ಕ್‌ಗೆ ಆಗ 68. ಸುಮ್ಮನೆ ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ತಮ್ಮ ಖರ್ಚಿನಲ್ಲಿ ಕಾರ್ಯಕ್ರಮ ತಯಾರಿಸಿ, ಊರೂರಿನ ಟಿವಿ ಕೇಂದ್ರಗಳಿಗೆ ನೇರವಾಗಿ ಕೊಡಲು ಹೊರಟರು. 200ಕ್ಕೂ ಹೆಚ್ಚು ಕೇಂದ್ರಗಳು ಒಪ್ಪಿದವು. ಹಾಗೆ ಇನ್ನೂ ಹನ್ನೊಂದು ವರ್ಷ ನಡೆಯಿತು. 1982ರಲ್ಲಿ ನಿಲ್ಲಿಸಿದಾಗ ಅವರಿಗೆ 79. ತೀರಿಕೊಂಡದ್ದು 1992ರಲ್ಲಿ. ಅಳಿಯನಿಗೆ ಇದನ್ನು ಹೇಳಿ. ಹಿರಿಯರು ನೋಡುತ್ತಾರೆ ಅಂತ ತೆಗೆದುಹಾಕಿದ್ದನ್ನು ಹಿರಿಯರೇ ಉಳಿಸಿಕೊಂಡರು, ಅದಕ್ಕೇ ಇವತ್ತು ನಿಮ್ಮ ಮಾವನಿಗೂ ಅದು ಸಿಕ್ಕಿತು ಅಂತ.

ಕಂತು ಮುಗಿಯುವಾಗ ಟಿವಿ ಆರಿಸಬೇಡಿ. ಕೊನೆಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮೂರೂ ಭಾಷೆಯಲ್ಲಿ ಹೋಗಿಬರುತ್ತೇವೆ ಅನ್ನುವ ಹಾಡು ಬರುತ್ತದೆ. ಗುಳ್ಳೆಗಳು ಇಳಿಯುತ್ತವೆ. ಆಗ ಬರೀ ಕಲಾವಿದರಷ್ಟೇ ಅಲ್ಲ, ನೋಡಲು ಬಂದ ಸಾಮಾನ್ಯ ಜನರೂ ಎದ್ದು ಕುಣಿಯುತ್ತಾರೆ. ವೆಲ್ಕ್ ಕೋಲು ಕೆಳಗಿಟ್ಟು ಯಾರೋ ಒಬ್ಬರು ಅಜ್ಜಿಯ ಕೈ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಆ ಅಜ್ಜಿಯರ ಮುಖ ನೋಡಿ. ಬಟ್ಟೆಗೆ ಇಸ್ತ್ರಿ ಹಾಕಿ, ಕೂದಲು ಸರಿ ಮಾಡಿಸಿಕೊಂಡು ಬಂದಿರುತ್ತಾರೆ. ನನಗೆ ಇಡೀ ಕಂತಿನಲ್ಲಿ ಬಹಳ ಇಷ್ಟವಾಗುವ ಎರಡು ನಿಮಿಷ ಅವು.

ಕೊನೆಗೆ ಮೇಷ್ಟ್ರ ಪ್ರಶ್ನೆ. ಖಂಡಿತ ಕಲಿಯಬಹುದು. ಬಲಗೈ ಆಗಲೇ ಪಳಗಿದೆ, ಕಲಿಯಬೇಕಾದ್ದು ಎಡಗೈ ಮಾತ್ರ. ಆದರೆ ಫ್ಲೋರೆನ್ ಹಾಕಿಕೊಂಡ ಹಾಗೆ 120 ಗುಂಡಿಯದು ಬೇಡ. ಅದು ಹತ್ತು ಕಿಲೊ ಹತ್ತಿರ ತೂಗುತ್ತದೆ, ಈ ವಯಸ್ಸಿನಲ್ಲಿ ಬೆನ್ನಿಗೆ ಆಗುವುದಿಲ್ಲ. 48 ಗುಂಡಿಯದು ಸಾಕು, ಭಾರ ಅರ್ಧಕ್ಕೆ ಇಳಿಯುತ್ತದೆ. ಕೈ ಇಲ್ಲದ ಕುರ್ಚಿಯಲ್ಲಿ ಕೂತು ನುಡಿಸಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ತಿದಿ ಎಳೆಯಲು ಬರುವುದಿಲ್ಲ. ಹಳೆಯದು ಕೊಳ್ಳುವುದಾದರೆ ಯಾವ ಮನೆಯನ್ನೂ ಒತ್ತದೆ ತಿದಿ ಎಳೆದು ನೋಡಿ. ಸಲೀಸಾಗಿ ಬಿಚ್ಚಿಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ, ಬಿಟ್ಟುಬಿಡಿ. ಒಳಗಿನ ರೀಡುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಅದಕ್ಕೇ ಊರಿಗೆ ತಂದ ಮೇಲೆ ಬೇಸಿಗೆಯಲ್ಲಿ ಬಿಸಿಲು ಬೀಳುವ ಕಡೆ ಇಡಬೇಡಿ, ಮಳೆಗಾಲದಲ್ಲಿ ಅಟ್ಟಕ್ಕೆ ಹಾಕಬೇಡಿ. ನನ್ನ ಮೊದಲ ವಾದ್ಯ ಹಾಳಾದದ್ದು ಹಾಗೇ, ಒಂದೇ ಮಳೆಗಾಲದಲ್ಲಿ ರೀಡುಗಳಿಗೆ ತುಕ್ಕು ಹಿಡಿದು. ವಾರಕ್ಕೆ ಎರಡು ದಿನ ಹೊರಗೆ ತೆಗೆದು ಒಂದು ಭಜನೆಯನ್ನಾದರೂ ನುಡಿಸಲಿ. ಮೊದಲು ದಾದ್ರಾದ್ದೇ ಒಂದು ಹಿಡಿಯಲಿ, ಎಡಗೈಗೆ ದುಮ್-ಚಕ್-ಚಕ್ ಸುಲಭವಾಗಿ ಕೂರುತ್ತದೆ.